ಬಾಯಿಗೆ ನೀರು ಬೇಡ, ಎದೆ ಒತ್ತಿ

(108 ಆಂಬುಲೆನ್ಸ್‌ನಲ್ಲಿ ವರ್ಷಗಟ್ಟಲೆ ಓಡಾಡಿ ಈಗ ಪ್ರಥಮ ಚಿಕಿತ್ಸೆ ಹೇಳಿಕೊಡ್ತಿರೋ ನರ್ಸ್ ಓದುಗರಿಗೆ ಕೊಟ್ಟ ಉತ್ತರಗಳು)

ಪ್ರ: ಸರ್, ನಾನು ಬಸ್ ಕಂಡಕ್ಟರ್. ಹೋದ ತಿಂಗಳು ಐವತ್ತೈದು ವಯಸ್ಸಿನ ಒಬ್ರು ಸೀಟಲ್ಲೇ ಕುಸಿದುಬಿದ್ರು. ಗೊರಗೊರ ಅಂತ ಉಸಿರು ಎಳೀತಿದ್ರು, ಉಸಿರಿದೆಯಲ್ಲ ಅಂತ ಗಾಳಿ ಬೀಸಿದ್ವಿ, ಯಾರೋ ನೀರು ಕುಡಿಸಿದ್ರು. ಆಸ್ಪತ್ರೆ ಮುಟ್ಟೋಷ್ಟ್ರಲ್ಲಿ ಹೋಗ್ಬಿಟ್ಟಿದ್ರು. ತಪ್ಪಾಗಿದ್ದೆಲ್ಲಿ? - ಹೆಸರು ಬೇಡ, ಹಾಸನ

ಉ: ಯಾರೂ ಹೇಳಿಕೊಟ್ಟಿಲ್ಲದ್ದು ನಿಮಗೆ ಹೇಗೆ ಗೊತ್ತಿರುತ್ತೆ, ಅದಕ್ಕೆ ನಿದ್ದೆ ಕೆಡಿಸ್ಕೋಬೇಡಿ. ಆದ್ರೆ ಆ ಗೊರಗೊರ ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ದೇಹ ಹಾಗೆ ಎಳೀತಿರುತ್ತೆ, ನೀರಿಂದ ಆಚೆ ಬಿದ್ದ ಮೀನು ಬಾಯಿ ಬಿಡುತ್ತಲ್ಲ ಹಾಗೆ, ಒಂದು ಎಳೆತ, ಸ್ವಲ್ಪ ಹೊತ್ತು ಏನಿಲ್ಲ, ಆಮೇಲೆ ಇನ್ನೊಂದು. ಜನ ಮೋಸ ಹೋಗೋದು ಇಲ್ಲೇ, ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೋಗಿದೀನಿ. ಹೆಗಲು ತಟ್ಟಿ ಜೋರಾಗಿ ಕೂಗಿದ್ರೂ ಓಗೊಡಲ್ಲ, ಹತ್ತು ಸೆಕೆಂಡ್ ಎದೆ ನೋಡಿದ್ರೆ ಸರಿಯಾಗಿ ಏರಿಳೀತಿಲ್ಲ ಅಂದ್ರೆ ಅಷ್ಟೇ, ಹೃದಯ ನಿಂತಿದೆ ಅಂತಲೇ ಇಟ್ಕೊಳ್ಳಿ. ನಾಡಿ ಹುಡುಕ್ತಾ ಕೂರಬೇಡಿ, ಗಾಬರಿಲಿ ನಿಮ್ಮ ಬೆರಳಿನ ನಾಡಿನೇ ನಿಮಗೆ ಸಿಗುತ್ತೆ.

ಬಸ್ ನಿಲ್ಸಿ. ಒಬ್ರು 108ಕ್ಕೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕ್ಲಿ. ಸೀಟ್ ಮೇಲೆ ಒತ್ತಿದ್ರೆ ಕುಷನ್ ತಗ್ಗುತ್ತೆ ಹೊರತು ಎದೆ ತಗ್ಗಲ್ಲ, ಅದಕ್ಕೆ ಎಳ್ಕೊಂಡು ಬಂದು ಬಾಗಿಲ ಹತ್ರ ನೆಲದ ಮೇಲೋ, ಜಾಗ ಸಾಲ್ದಿದ್ರೆ ಕೆಳಗಿಳ್ಸಿ ರಸ್ತೆ ಪಕ್ಕನೋ ಅಂಗಾತ ಮಲಗ್ಸಿ. ಎದೆ ಮಧ್ಯದ ಮೂಳೆಯ ಕೆಳಗಿನ ಅರ್ಧಕ್ಕೆ ಅಂಗೈ ಬುಡ, ಅಂದ್ರೆ ಮಣಿಕಟ್ಟಿನ ಹತ್ರದ ಗಟ್ಟಿ ಭಾಗ ಇಟ್ಟು ಅದರ ಮೇಲೆ ಇನ್ನೊಂದು ಕೈ, ಮೊಣಕೈ ಬಗ್ಗಬಾರ್ದು, ಒತ್ತೋ ಶಕ್ತಿ ತೋಳಿಂದಲ್ಲ, ಸೊಂಟದ ಮೇಲಿನ ಪೂರ್ತಿ ಭಾರದಿಂದ ಬರ್ಬೇಕು. ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಿ, ಹೃದಯಕ್ಕೆ ಮತ್ತೆ ರಕ್ತ ತುಂಬೋದೇ ಆವಾಗ.

ಎಣಿಸೋದ್ರಲ್ಲಿ ಒಂದು ತಮಾಷೆ ಇದೆ. ಒಂದು ಎರಡು ಮೂರು ಅಂತ ಶುರು ಮಾಡ್ದೋರು ಇಪ್ಪತ್ತು ದಾಟ್ತಿದ್ದಂಗೆ ನಿಧಾನ ಆಗ್ತಾರೆ, ಇಪ್ಪತ್ತೇಳು ಇಪ್ಪತ್ತೆಂಟು ಅನ್ನೋಕೆ ನಾಲಿಗೆಗೆ ಟೈಮ್ ಬೇಕಲ್ಲ, ಕೈನೂ ಅದ್ರ ಜೊತೆ ನಿಧಾನ ಆಗುತ್ತೆ. ನಮ್ ಕ್ಲಾಸಲ್ಲಿ ಹತ್ತರ ತನಕ ಮೂರು ಸಲ ಎಣಿಸ್ತೀವಿ. ತರಬೇತಿ ಆಗಿದ್ದೋರು 30 ಒತ್ತಿ 2 ಸಲ ಬಾಯಿಂದ ಉಸಿರು ಕೊಡ್ಲಿ, ಆಗದೋರು ಬರೀ ಒತ್ತುತ್ತಾ ಇರಿ, ದೊಡ್ಡೋರು ಹೀಗೆ ತಟಕ್ಕನೆ ಕುಸಿದಾಗ ಅಷ್ಟೇ ಸಾಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ, ಎಂಥ ಗಟ್ಟಿಗನೂ ಅಷ್ಟೊತ್ತಿಗೆ ಸುಸ್ತಾಗಿ ಮೇಲ್ಮೇಲೆ ಒತ್ತೋಕೆ ಶುರು ಮಾಡ್ತಾನೆ, ಅವನಿಗೆ ಗೊತ್ತಾಗಲ್ಲ. ಸಿಪಿಆರ್, ಅಂದ್ರೆ ಹೀಗೆ ಎದೆ ಒತ್ತಿ ಉಸಿರು ಕೊಡೋದು, ಇಲ್ದೆ ಕಳೆಯೋ ಪ್ರತಿ ನಿಮಿಷ ಬದುಕೋ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತೆ.

ನೀರಂತೂ ಬೇಡ್ವೇ ಬೇಡ. ಎಚ್ಚರ ಇಲ್ದೋರು ನುಂಗಲ್ಲ, ಹಾಕಿದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತೆ.

ಪ್ರ: ಪಕ್ಕೆಲುಬು ಮುರಿದ್ರೆ ಮನೆಯೋರು ನಮ್ ಮೇಲೇ ಕೇಸ್ ಹಾಕ್ತಾರೆ ಅಂತ ಹೆದರಿಸ್ತಾರಲ್ಲ? - ಹೋಮ್ ಗಾರ್ಡ್, ತಿಪಟೂರು

ಉ: ಮುರೀಬಹುದು, ವಯಸ್ಸಾದೋರಲ್ಲಂತೂ ಲಟಕ್ ಅನ್ನೋದು ಕೈಗೇ ಗೊತ್ತಾಗುತ್ತೆ. ಕೈ ಸರಿಯಾದ ಜಾಗದಲ್ಲಿದೆಯಾ ನೋಡ್ಕೊಂಡು ಮುಂದುವರಿಸಿ, ಮುರಿದ ಎಲುಬು ಕೂಡುತ್ತೆ. ಇನ್ನು ಕಾನೂನು. ರಸ್ತೆ ಅಪಘಾತದಲ್ಲಿ ಸಹಾಯ ಮಾಡ್ದೋರಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ರಕ್ಷಣೆ ಕೊಟ್ಟಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರ್ತು, ಒಳ್ಳೇ ಮನಸ್ಸಿಂದ ಮಾಡಿದ ಸಹಾಯಕ್ಕೆ ಸಿವಿಲ್ಲೂ ಇಲ್ಲ ಕ್ರಿಮಿನಲ್ಲೂ ಇಲ್ಲ, ನಿಮ್ಮ ಹೆಸರು ಹೇಳಿ ಅಂತ ಬಲವಂತ ಮಾಡೋ ಹಾಗೂ ಇಲ್ಲ. 2016ರಲ್ಲಿ ನೆಲಮಂಗಲದ ಹತ್ರ ಲಾರಿ ಹರಿದು ದೇಹ ಎರಡು ತುಂಡಾದ ಹರೀಶ್ ನಂಜಪ್ಪ ಆ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿ ಅಂದಿದ್ರಲ್ಲ, ಅವರ ಹೆಸರಲ್ಲಿ ನಮ್ ರಾಜ್ಯದಲ್ಲಿ ಯೋಜನೆನೇ ಬಂತು, ಗಾಯಾಳುಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಅಂತ.

ಪ್ರ: ಕುಸಿದುಬಿದ್ದೋರು ಹೆಂಗಸಾಗಿದ್ರೆ ಎದೆ ಮೇಲೆ ಕೈ ಇಡೋಕೆ ನಮ್ ಹುಡುಗರು ಹಿಂಜರೀತಾರೆ. ಏನ್ಮಾಡ್ಲಿ? - ಜಾತ್ರೆ ಸ್ವಯಂಸೇವಕ, ಕೊಪ್ಪಳ ಜಿಲ್ಲೆ

ಉ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ಎಲ್ರ ಮನಸ್ಸಲ್ಲೂ ಇರುತ್ತೆ ಬಾಯಿ ಬಿಡಲ್ಲ. ಕೈ ಕೂರೋದು ನಡುವಿನ ಮೂಳೆ ಮೇಲೆ. ಬರೀ ಒತ್ತೋಕೆ ಸೀರೆ, ರವಿಕೆ ಯಾವುದೂ ತೆಗೀಬೇಕಾಗಿಲ್ಲ, ಸೆರಗಿನ ಮೇಲೇ ಒತ್ತಿ. ಎಇಡಿ, ಅಂದ್ರೆ ಹೃದಯಕ್ಕೆ ಕರೆಂಟ್ ಶಾಕ್ ಕೊಡೋ ಮಷೀನ್, ಬಂದ್ರೆ ಮಾತ್ರ ಅದರ ಪ್ಯಾಡ್ ಬರಿ ಮೈಗೇ ಅಂಟಬೇಕು, ಆಗ ನಾಲ್ಕು ಜನ ಹೆಂಗಸರನ್ನ ಸುತ್ತ ನಿಲ್ಲಿಸಿ ಒಂದು ಪಂಚೆ ಮರೆ ಹಿಡೀರಿ, ಜಾತ್ರೆಲಿ ಪಂಚೆಗೇನು ಬರ. ಏಳೆಂಟು ತಿಂಗಳ ಬಸುರಿ ಆಗಿದ್ರೆ ಒತ್ತೋ ಜಾಗ ಅದೇ, ಇನ್ನೊಬ್ರು ಎರಡೂ ಕೈಲಿ ಹೊಟ್ಟೆನ ಅವಳ ಎಡಗಡೆಗೆ ಸರಿಸಿ ಹಿಡ್ಕೋಬೇಕು, ಇಲ್ದಿದ್ರೆ ಮಗುವಿನ ಭಾರ ರಕ್ತನಾಳನ ಅದುಮಿಬಿಡುತ್ತೆ.

ಪ್ರ: ಕೆರೇಲಿ ಮುಳುಗಿದೋರನ್ನ ತಲೆಕೆಳಗೆ ಮಾಡಿ ನೀರು ಕಕ್ಕಿಸ್ಬೇಕಾ? - ಈಜು ಬಲ್ಲವ, ಶಿರಾ

ಉ: ಬೇಡ. ಹೊಟ್ಟೆನೂ ಅಮುಕಬೇಡಿ, ಒಳಗಿರೋದೆಲ್ಲ ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತೆ. ಮುಳುಗಿದೋರಿಗೆ ಕೊರತೆ ಆಗಿರೋದು ಆಮ್ಲಜನಕ, ಆದ್ರಿಂದ ಇಲ್ಲಿ ಮೊದಲು ಉಸಿರು ಕೊಡಿ, ಆಮೇಲೆ ಎದೆ ಒತ್ತಿ. ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ಕರ್ಕೊಂಡೇ ಹೋಗಿ, ಕೆಲವರಿಗೆ ಒಂದೆರಡು ಗಂಟೆ ಬಿಟ್ಟು ಏದುಸಿರು ಶುರುವಾಗುತ್ತೆ.