ಆತ್ಮಪರೀಕ್ಷೆಗೆ ಹದಿನೈದು ನಿಮಿಷ ಸಾಕು, ಆ ಫೋನ್ ಎತ್ತಿ

ಪ್ರಿಯ ಸಹೋದರಿ,

ನಿಮ್ಮ ಏಳು ಪುಟದ ಪತ್ರದ ಸಾರ ಇಷ್ಟು. ಆರು ವರ್ಷದಿಂದ ಹಾಸಿಗೆ ಹಿಡಿದವರ, ವಯಸ್ಸಾದವರ ಮನೆಗೆ ಹೋಗಿ ಬೈಬಲ್ ವಾಕ್ಯ ಓದಿ, ಪ್ರಾರ್ಥಿಸಿ ಬರುತ್ತಿದ್ದಿರಿ. ನಾಲ್ಕು ತಿಂಗಳ ಹಿಂದೆ ಪ್ರಾರ್ಥನಾ ಕೂಟದ ಹಿರಿಯರೊಬ್ಬರು, "ನಿನ್ನ ಸೇವೆಯ ಹಿಂದೆ ಹೊಗಳಿಕೆಯ ಆಸೆ ಇದೆ, ಹೃದಯ ಪರೀಕ್ಷಿಸಿಕೋ" ಅಂದರು. ಅಂದಿನಿಂದ ದಿನಾ ರಾತ್ರಿ ಒಂದೂವರೆ ತಾಸು ನೋಟ್‌ಬುಕ್ ಹಿಡಿದು ಕೂರುತ್ತೀರಿ. ಕೆದಕಿದಷ್ಟೂ ಕೆಸರೇ ಸಿಗುತ್ತಿದೆ. ಉದ್ದೇಶ ಶುದ್ಧವಾಗುವ ತನಕ ಬೇಡವೆಂದು ಸೇವೆಯನ್ನೆಲ್ಲ ನಿಲ್ಲಿಸಿದ್ದೀರಿ. ಈಗ ಕೇಳುತ್ತೀರಿ: ಶುದ್ಧವಾಯಿತೆಂದು ಗೊತ್ತಾಗುವುದು ಹೇಗೆ?

ಸಹಿಯ ಕೆಳಗೆ ಇನ್ನೊಂದು ಸಾಲಿದೆ. ಪ್ರತಿ ಗುರುವಾರ ನೀವು ಓದಿ ಹೇಳುತ್ತಿದ್ದ, ಕಣ್ಣು ಕಾಣದ ಅಜ್ಜಿ ಮೂರು ಸಲ ಫೋನ್ ಮಾಡಿದರು, ಏನು ಹೇಳಬೇಕೆಂದು ತೋಚದೆ ನೀವು ಎತ್ತಲಿಲ್ಲ. ನಿಮ್ಮ ಹೃದಯಕ್ಕೆ ಏಳು ಪುಟ, ಅಜ್ಜಿಗೆ ಒಂದೇ ಸಾಲು. ಪತ್ರವನ್ನು ಎರಡನೇ ಸಲ ಓದುವಾಗ ನನಗೆ ಸಿಟ್ಟು ಬಂದದ್ದು ಇಲ್ಲೇ.

ನಿಮ್ಮ ಪ್ರಶ್ನೆಗೆ ಉತ್ತರ: ಗೊತ್ತಾಗುವುದಿಲ್ಲ. ಹೃದಯ ಎಲ್ಲಕ್ಕಿಂತ ವಂಚಕ, ಅದನ್ನು ತಿಳಿಯುವವರು ಯಾರು ಎಂದು ಯೆರೆಮೀಯ 17:9 ಕೇಳುವುದನ್ನು ನೀವು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೀರಿ. 10ನೇ ವಚನ ಯಾಕೆ ಬರೆಯಲಿಲ್ಲ? ಕರ್ತನೇ ಪರೀಕ್ಷಿಸುತ್ತೇನೆ ಅನ್ನುತ್ತಾನೆ ಅಲ್ಲಿ. ಕೀರ್ತನೆ 139 ಕೂಡ "ದೇವರೇ, ನನ್ನನ್ನು ಪರೀಕ್ಷಿಸು" ಎಂದು ಬೇಡಿ, ನಿತ್ಯ ಮಾರ್ಗದಲ್ಲಿ ನಡೆಸು ಎಂಬಲ್ಲಿಗೆ ಮುಗಿಯುತ್ತದೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 4ನೇ ಅಧ್ಯಾಯ ನೋಡಿ: ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ಹೃದಯದ ಉದ್ದೇಶಗಳನ್ನು ಬಯಲಿಗೆ ತರುವವನು ಕರ್ತನು ಅನ್ನುತ್ತಾನೆ. ಪೌಲನೇ ಕರ್ತನಿಗೆ ಬಿಟ್ಟುಕೊಟ್ಟ ಕೆಲಸವನ್ನು ನೀವು ಮೈಮೇಲೆ ಎಳೆದುಕೊಂಡಿದ್ದೀರಿ.

ಹಾಗಂತ ನಿಮ್ಮಲ್ಲಿ ಹೊಗಳಿಕೆಯ ಆಸೆ ಇಲ್ಲವೇ ಇಲ್ಲ ಎಂದು ಸಮಾಧಾನ ಹೇಳಲಾರೆ. ಇದೆ. ವಾರ್ಷಿಕ ಕೂಟದಲ್ಲಿ ನಿಮ್ಮ ಹೆಸರು ಹೇಳಲಿಲ್ಲವೆಂದು ಎರಡು ದಿನ ಊಟ ಸೇರಲಿಲ್ಲ ಎಂದು ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಆಸೆಯನ್ನು ಹುಡುಕಲು ಎಲ್ಲಕ್ಕಿಂತ ಒಳ್ಳೆಯ ಜಾಗ ಅದೇ. ಏನು ಸಿಗದಿದ್ದಾಗ ಮುಖ ಬಾಡಿತು, ಯಾರಿಗೆ ಹೂಮಾಲೆ ಬಿದ್ದಾಗ ಚುಚ್ಚಿತು ಅಂತ ಕೇಳಿಕೊಂಡರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. "ಯಾಕೆ ಮಾಡಿದೆ" ಎಂಬ ಪ್ರಶ್ನೆಗೆ ತಳವಿಲ್ಲ, ಒಂದು ಯಾಕೆಯ ಕೆಳಗೆ ಇನ್ನೊಂದು ಯಾಕೆ ಇದ್ದೇ ಇರುತ್ತದೆ.

ಈ ಆಸೆಗೆ ಯೇಸು ಹೇಳಿದ ಮದ್ದು ಮತ್ತಾಯ 6ರಲ್ಲಿದೆ. ಜನ ನೋಡಲೆಂದು ದಾನ ಮಾಡುವವರಿಗೆ ದಾನ ನಿಲ್ಲಿಸು ಅನ್ನಲಿಲ್ಲ, ಎಡಗೈಗೆ ತಿಳಿಯದಂತೆ ಕೊಡು ಎಂದನು. ಪ್ರಾರ್ಥನೆ ಬಿಡು ಅನ್ನಲಿಲ್ಲ, ಬಾಗಿಲು ಮುಚ್ಚಿಕೋ ಎಂದನು. ನೀವು ಮುಚ್ಚಬೇಕಾದ ಬಾಗಿಲು ವಾಟ್ಸಾಪ್ ಗುಂಪಿನದು. ಭೇಟಿಯ ಫೋಟೋ ಬೇಡ, ಕೂಟದಲ್ಲಿ ವರದಿಯೂ ಬೇಡ. ತುತ್ತು ಸಿಗದ ಆಸೆ ತಾನಾಗಿ ಸೊರಗುತ್ತದೆ. ಪೂರ್ತಿ ಸಾಯುತ್ತದೆಯೇ ಎಂದರೆ, ಈ ಜನ್ಮದಲ್ಲಿ ಬಹುಶಃ ಇಲ್ಲ.

ಆ ಹಿರಿಯರ ಬಗ್ಗೆ ನೀವು ತೋರಿಸಿದಷ್ಟು ಗೌರವ ನನ್ನಿಂದಾಗದು. ಯಾವ ದಿನ, ಯಾವ ಮಾತು, ಯಾರಿಗೆ ನೋವಾಯಿತು ಎಂದು ಒಂದೂ ಹೇಳದೆ "ಹೃದಯ ಸರಿಯಿಲ್ಲ" ಅಂದುಬಿಡುವುದು ಬುದ್ಧಿವಾದವಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಪವಿತ್ರಾತ್ಮನು ಪಾಪವನ್ನು ಎತ್ತಿ ತೋರಿಸಿದರೆ ಅದಕ್ಕೊಂದು ಹೆಸರಿರುತ್ತದೆ, ತಿದ್ದಿಕೊಳ್ಳಲು ದಾರಿಯೂ ಇರುತ್ತದೆ. ಹೆಸರಿಲ್ಲದೆ ಸುಮ್ಮನೆ ಮುಸುಕುವ ಅಪರಾಧಭಾವಕ್ಕೆ ಎದ್ದು ಉತ್ತರ ಕೊಡಬೇಕಾಗಿಲ್ಲ. ಅಸೂಯೆಯಿಂದ ಕ್ರಿಸ್ತನನ್ನು ಸಾರುವವರೂ ಇದ್ದಾರೆಂದು ಪೌಲನಿಗೆ ಗೊತ್ತಿತ್ತು. ಹೇಗಾದರೇನು, ಕ್ರಿಸ್ತನು ಸಾರಲ್ಪಡುತ್ತಾನಲ್ಲ ಎಂದು ಸಂತೋಷಪಟ್ಟ (ಫಿಲಿಪ್ಪಿ 1:15-18). ಹಿರಿಯರು ಆ ಭಾಗವನ್ನೂ ಓದಲಿ.

ಆತ್ಮಪರೀಕ್ಷೆ ಬಿಡಬೇಡಿ, ಅಳತೆಗೆ ತನ್ನಿ. ದಿನದ ಆತ್ಮಪರೀಕ್ಷೆಗೆ ಕ್ರಮ ಹಾಕಿಕೊಟ್ಟ, ಜೆಸ್ವಿಟ್ ಸಂಘದ ಸ್ಥಾಪಕ ಲೊಯೋಲಾದ ಇಗ್ನೇಷಿಯಸ್ ತಾನೇ 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿ ನಿಮ್ಮ ಹಾಗೆಯೇ ಒದ್ದಾಡಿದವನು. ಹೇಳಿ ಮುಗಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿದರೂ ಶಾಂತಿ ಸಿಗದೆ, ಕೊನೆಗೆ ಹಳೆಯದನ್ನು ಇನ್ನು ಎತ್ತುವುದಿಲ್ಲ ಎಂದು ತೀರ್ಮಾನಿಸಿ ಬಿಡುಗಡೆ ಕಂಡ. ಅವನ ಕ್ರಮ ಶುರುವಾಗುವುದೇ ಕೃತಜ್ಞತೆಯಿಂದ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನದ ತಾಸು ತಾಸಿನ ಅವಲೋಕನ, ಕ್ಷಮೆ, ಕೊನೆಗೆ ನಾಳೆಯ ತಿದ್ದುಪಡಿಯ ಸಂಕಲ್ಪ. ನೀವು ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ನಡುವಿನದನ್ನಷ್ಟೇ ಹಿಡಿದಿರಿ, ಹಾಗಾಗಿ ಅದು ವಿಚಾರಣೆಯಾಯಿತು. ಹದಿನೈದು ನಿಮಿಷಕ್ಕೆ ಅಲಾರಂ ಇಡಿ. ಆ ದಿನದ್ದು ಮಾತ್ರ ನೋಡಿ. ಅಲಾರಂ ಹೊಡೆದಾಗ ಬರೆಯುತ್ತಿದ್ದ ಸಾಲು ಅರ್ಧಕ್ಕಿದ್ದರೂ ನೋಟ್‌ಬುಕ್ ಮುಚ್ಚಿ. ಹಾಗೆ ಮುಚ್ಚಲು ಆಗುವುದೇ ಇಲ್ಲ, ಅದೇ ಯೋಚನೆ ಹಗಲಲ್ಲೂ ತಾಸುಗಟ್ಟಲೆ ಸುತ್ತುತ್ತದೆ ಅಂತಾದರೆ ಮನೋವೈದ್ಯರನ್ನು ನೋಡಿ. ಗೀಳು ಮನೋರೋಗ ಭಕ್ತಿಯ ವೇಷದಲ್ಲೂ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಇದೆಲ್ಲ ರಾತ್ರಿಯ ಮಾತು. ಅದಕ್ಕೂ ಮೊದಲು, ಇದನ್ನು ಓದಿ ಮುಗಿಸಿದ ಕೂಡಲೇ, ಆ ಅಜ್ಜಿಗೆ ಫೋನ್ ಮಾಡಿ. ಉದ್ದೇಶ, ಹೃದಯ ಅಂತ ವಿವರಣೆಗೆ ಇಳಿಯಬೇಡಿ, ಅದು ಅವರಿಗೆ ಬೇಕಾಗಿಲ್ಲ. "ಫೋನ್ ಎತ್ತಲಿಲ್ಲ, ತಪ್ಪಾಯಿತು ಅಜ್ಜಿ, ಗುರುವಾರ ಬರುತ್ತೇನೆ" ಅನ್ನಿ. ಎಲ್ಲಿಗೆ ಓದು ನಿಲ್ಲಿಸಿದ್ದಿರಿ ಎಂದು ಅವರನ್ನೇ ಕೇಳಿ, ಅವರಿಗೆ ನೆನಪಿರುತ್ತದೆ.