ಅಮೆರಿಕದ ಆರಂಭದ ದಿನಗಳಲ್ಲಿ ಸಾಮಾನ್ಯ ರೈತನೊಬ್ಬ ರಾಜಕಾರಣಿ ಆಗಬಹುದಿತ್ತಾ?

ಖಂಡಿತ ಆಗಬಹುದಿತ್ತು. ನನಗೆ ತಕ್ಷಣ ನೆನಪಾಗುವ ಹೆಸರು ಜೆಡಿಡಾಯಾ ಪೆಕ್.

1748ರಲ್ಲಿ ಕನೆಕ್ಟಿಕಟ್‌ನ ಲೈಮ್‌ನಲ್ಲಿ ಹುಟ್ಟಿದವರು. ಶಾಲೆಗೆ ಹೋಗಿದ್ದು ತೀರಾ ಕಡಿಮೆ. ಓದು ಬಂದಿದ್ದೇ ಬೈಬಲ್ಲಿನಿಂದ. ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕರಾಗಿದ್ದರು. ಆಮೇಲೆ ನ್ಯೂಯಾರ್ಕ್ ರಾಜ್ಯದ ಆಟ್ಸಿಗೊ ಕೌಂಟಿಗೆ ಹೋಗಿ ಬೇಸಾಯಕ್ಕೆ ನಿಂತರು. ಜೊತೆಗೆ ಜಮೀನು ಅಳೆಯುವ ಕೆಲಸ, ಜನರ ಮನೆಗಳಲ್ಲಿ ಧರ್ಮೋಪದೇಶ. ಹೀಗೆ ಮನೆಮನೆಯ ಪರಿಚಯ ಇದ್ದವರಿಗೆ ವೋಟು ಸಿಗದೇ ಇರುತ್ತಾ? ಮೊದಲು ಕೌಂಟಿ ನ್ಯಾಯಾಧೀಶರಾದರು, 1798ರ ಹೊತ್ತಿಗೆ ರಾಜ್ಯದ ಶಾಸಕರೂ ಆದರು.

ಅದೇ ವರ್ಷ ಸರ್ಕಾರವನ್ನು ಟೀಕಿಸಿದರೆ ಜೈಲು ಎನ್ನುವ ರಾಜದ್ರೋಹ ಕಾಯ್ದೆ ಬಂತು. ಪೆಕ್ ಸುಮ್ನಿರಲಿಲ್ಲ. ಅದರ ವಿರುದ್ಧ ಒಂದು ಮನವಿ ಹಂಚಿ ಜನರ ಸಹಿ ಕೇಳಿದರು. 1799ರಲ್ಲಿ ಅವರನ್ನು ಬಂಧಿಸಿ, ಸುಮಾರು 200 ಮೈಲಿ ದೂರದ ನ್ಯೂಯಾರ್ಕ್ ನಗರಕ್ಕೆ ಕರೆದೊಯ್ದರು. ವಯಸ್ಸು ಐವತ್ತು ದಾಟಿತ್ತು. ಬರೀ ಸಹಿ ಸಂಗ್ರಹಿಸಿದ್ದಕ್ಕೆ ಈ ಶಿಕ್ಷೆ! ದಾರಿಯುದ್ದಕ್ಕೂ ಅವರನ್ನು ನೋಡಿದ ಜನಕ್ಕೆ ಆಡಳಿತದ ಮೇಲೇ ಸಿಟ್ಟು ಬಂತು. ಕೊನೆಗೆ ಮೊಕದ್ದಮೆ ನಡೆಯಲೇ ಇಲ್ಲ. ಪೆಕ್ ಮತ್ತೆ ಗೆದ್ದರು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗೋದು ಅವರ ಶಾಲೆಯ ಕೆಲಸ. 1811ರಲ್ಲಿ ರಾಜ್ಯ ನೇಮಿಸಿದ ಶಾಲಾ ಆಯೋಗಕ್ಕೆ ಅವರೇ ಮುಖ್ಯಸ್ಥರು. ಅದರ ವರದಿಯಿಂದಲೇ 1812ರ ಸಾರ್ವಜನಿಕ ಶಾಲಾ ಕಾಯ್ದೆ ಬಂತು. ರಾಜ್ಯ ಕೊಟ್ಟಷ್ಟೇ ಹಣವನ್ನು ಊರಿನವರೂ ಹಾಕಿ ಶಾಲೆ ನಡೆಸಬೇಕು ಎನ್ನುವ ಏರ್ಪಾಡು. ತಾವು ಸರಿಯಾಗಿ ಶಾಲೆ ಕಾಣದಿದ್ದರೂ ಹಳ್ಳಿ ಮಕ್ಕಳಿಗಾಗಿ ಇಷ್ಟು ಮಾಡಿದರು ಅಲ್ವಾ! 1821ರಲ್ಲಿ ತೀರಿಕೊಂಡರು.