ಬೈಕಲ್ಲಿ ಬರುವಾಗ ಆಟದ ಮಾತು ಬೇಡ

ಅಣ್ಣ, ನೀವು ಬರೆದದ್ದನ್ನು ರಾತ್ರಿಯೇ ಓದಿದೆ. ಸಮಾಧಾನವಾಗಿ ಉತ್ತರ ಕೊಡೋಣ ಅಂತ ಬೆಳಗಿನವರೆಗೆ ಬಿಟ್ಟೆ. ಎಂಟನೇ ಕ್ಲಾಸಿನ ಮಗಳು, ಖೋ-ಖೋ ಆಡುತ್ತಾಳೆ. ಜಿಲ್ಲಾ ಮಟ್ಟದಲ್ಲಿ ಸೋತು ಬಂದ ಮೇಲೆ ಪ್ರಾಕ್ಟೀಸಿಗೆ ಹೋಗಲ್ಲ ಅಂತಿದ್ದಾಳೆ. ಅಜ್ಜಿ "ಒಳ್ಳೇದೇ ಆಯ್ತು, ಬಿಸಿಲಲ್ಲಿ ಕಪ್ಪಗಾಗ್ತಿದ್ದಳು" ಅಂತಿದ್ದಾರೆ. ಒತ್ತಾಯ ಮಾಡಲಾ, ಬಿಟ್ಟುಬಿಡಲಾ ಅಂತ ನಿಮ್ಮ ಪ್ರಶ್ನೆ. ನಡುವೆ ಒಂದು ಸಾಲು ಬರೆದಿದ್ದೀರಿ: "ಬರುವಾಗ ದಾರಿಯಲ್ಲಿ ಎಲ್ಲಿ ತಪ್ಪಾಯಿತು ಅಂತ ಅವಳ ಒಳ್ಳೇದಕ್ಕೇ ಹೇಳಿದೆ." ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ಅದೇ ಕೆಲಸವನ್ನು ನಾನು ಎರಡು ವರ್ಷ ಮಾಡಿದ್ದೇನೆ.

ನನ್ನ ಮಗಳು ಐದನೇ ಕ್ಲಾಸಿನಿಂದ ಆಡುತ್ತಿದ್ದಾಳೆ, ಈಗ ಡಿಗ್ರಿ ಎರಡನೇ ವರ್ಷ. ನಾನೂ ಹೈಸ್ಕೂಲಿನಲ್ಲಿ ಆಡಿದವನು. ಹಾಗಾಗಿ ಎಲ್ಲ ಗೊತ್ತು ಅನ್ನೋ ಜಂಬ. ಗೆರೆಯಾಚೆ ನಿಂತು "ಖೋ ಕೊಡು, ಖೋ ಕೊಡೇ" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಖೋ-ಖೋ ಎಂಥ ಆಟ ನಿಮಗೇ ಗೊತ್ತು. ಅಟ್ಟಿಸಿಕೊಂಡು ಹೊರಟವಳು ಹಿಂದಕ್ಕೆ ತಿರುಗುವ ಹಾಗಿಲ್ಲ. ಕೂತವಳ ಬೆನ್ನು ಮುಟ್ಟಿ ಖೋ ಅನ್ನೋಕೆ ಅರೆಗಳಿಗೆಯೂ ಇರಲ್ಲ. ಅಷ್ಟರಲ್ಲಿ ಸರ್ ಒಂದು ಹೇಳುತ್ತಾರೆ, ಕ್ಯಾಪ್ಟನ್ ಒಂದು ಹೇಳುತ್ತಾಳೆ, ಹೊರಗಿಂದ ಅಪ್ಪ ಇನ್ನೊಂದು. ಒಂದು ಸಲ ನಾನು ಕೂಗಿದ ಕಡೆ ತಿರುಗಿದಳು, ಫೌಲ್ ಆಯಿತು. ಆ ಫೌಲ್ ಬಗ್ಗೆ ಮನೆ ತನಕ ಬೈದುಕೊಂಡು ಬಂದವನೂ ನಾನೇ.

ಬೈಕಲ್ಲಿ ಹಿಂದೆ ಕೂತಾಗ ಅವಳು ನನ್ನ ಹೆಗಲು ಹಿಡಿದುಕೊಳ್ಳುತ್ತಿದ್ದಳು. ಯಾವಾಗಿನಿಂದಲೋ ಸೀಟಿನ ಹಿಂದಿನ ಕಂಬಿ ಹಿಡಿಯೋಕೆ ಶುರು ಮಾಡಿದಳು. ದೊಡ್ಡವಳಾದಳು, ಅದಕ್ಕೇ ಅಂದುಕೊಂಡೆ. ಒಂದು ದಿನ ನನ್ನ ಹೆಂಡತಿ ಹೇಳಿದಳು, "ಮ್ಯಾಚ್ ಇಲ್ಲದ ದಿನ ಈಗಲೂ ಹೆಗಲೇ ಹಿಡೀತಾಳೆ, ನೋಡಿ ಬೇಕಾದ್ರೆ." ನೋಡಿದೆ. ನಿಜ. ಆಮೇಲೆ ಧೈರ್ಯ ಮಾಡಿ ಕೇಳಿದೆ, ಆಟ ಬೇಜಾರಾಗಿದೆಯಾ ಅಂತ. "ಆಟ ಬೇಜಾರಿಲ್ಲಪ್ಪ, ಮುಗಿದ ಮೇಲೆ ಮನೆಗೆ ಬರೋದು ಬೇಜಾರು" ಅಂದಳು.

ಅವತ್ತಿನಿಂದ ಬೈಕಲ್ಲಿ ಆಟದ ಮಾತು ಬಂದ್. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ನಾನು ಕೇಳುವುದು ಒಂದೇ, "ಹೊಟ್ಟೆ ಹಸಿವಾ?" ದಾರಿಯಲ್ಲಿ ಕಬ್ಬಿನ ಹಾಲಿನ ಗಾಡಿ ಇದ್ದರೆ ನಿಲ್ಲಿಸುತ್ತೇನೆ. ಅವಳಾಗಿ ಶುರು ಮಾಡಿದರೆ ಕೇಳಿಸಿಕೊಳ್ಳುತ್ತೇನೆ, ಹ್ಞೂಂ ಅನ್ನುತ್ತೇನೆ. ಮೊದಲ ನಾಲ್ಕೈದು ಸಲ ನಾಲಿಗೆ ಕಚ್ಚಿಕೊಂಡೇ ಕೂತಿದ್ದೆ, ಸುಳ್ಳು ಹೇಳಲ್ಲ. ತಪ್ಪು ತಿದ್ದೋಕೆ ಅವಳ ಸರ್ ಇದ್ದಾರೆ, ಮರುದಿನ ಮೈದಾನದಲ್ಲಿ ತಿದ್ದುತ್ತಾರೆ.

ಹೊಗಳುವುದರಲ್ಲೂ ಸ್ವಲ್ಪ ನೋಡಿಕೊಳ್ಳಿ. "ನೀನೇ ಫಸ್ಟು, ಉಳಿದವರೆಲ್ಲ ವೇಸ್ಟು" ಅನ್ನಬೇಡಿ. ಆ ಉಳಿದವರು ಅವಳ ಗೆಳತಿಯರು. ಕಂಬದ ಹತ್ತಿರ ಡೈವ್ ಹೊಡೆದು ಕೈಗೆ ಸಿಗಲಿಲ್ಲ, ಆದರೂ ಎದ್ದು ಓಡಿದಳಲ್ಲ, ಅದನ್ನು ನೋಡಿದೆ ಅಂತ ಹೇಳಿ. ನೀವು ನಿಜವಾಗಿ ನೋಡಿದ್ದೀರಿ ಅಂತ ಅವಳಿಗೆ ಗೊತ್ತಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಒತ್ತಾಯವೂ ಬೇಡ, ಇವತ್ತೇ ಬಿಡಿಸುವುದೂ ಬೇಡ. ಹದಿನೈದು ದಿನ ಸುಮ್ನಿರಿ. ಆಮೇಲೆ ಒಂದೇ ಸಲ ಕೇಳಿ. ಆಟವೇ ಸಾಕಾಯಿತಾ, ತಂಡದಲ್ಲಿ ಯಾರಾದರೂ ಏನಾದರೂ ಅಂದರಾ, ಎಲ್ಲಾದರೂ ನೋವಿದೆಯಾ, ಸರ್ ಜೊತೆ ಏನಾದರೂ ಆಯಿತಾ, ಇಲ್ಲ ನನ್ನಿಂದ ಬೇಜಾರಾ ಅಂತ. ಕೊನೆಯದನ್ನು ನೀವೇ ಬಾಯಿಬಿಟ್ಟು ಕೇಳಬೇಕು, ಅವಳು ತಾನಾಗಿ ಹೇಳಲ್ಲ. ಖೋ-ಖೋ ಬಿಟ್ಟು ವಾಲಿಬಾಲ್ ಆಡ್ತೀನಿ ಅಂದರೆ ಆಡಲಿ ಬಿಡಿ.

ಇನ್ನು ಅಪ್ಪಂದಿರು ಮಾತಾಡೋಕೆ ನಾಚುವ ವಿಷಯ, ಮುಟ್ಟು. ಈ ವಯಸ್ಸಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಆಟ ಬಿಡುವುದಕ್ಕೆ ಇದೂ ಒಂದು ಕಾರಣ, ಹೊರಗೆ ಹೇಳುವುದು ಮಾತ್ರ "ಓದೋದು ಜಾಸ್ತಿ ಇದೆ" ಅಂತ. ನಮ್ಮ ಶಾಲೆಯ ತಂಡಕ್ಕೆ ತಿಳಿ ಹಳದಿ ಚಡ್ಡಿ ಹೊಲಿಸಿದ್ದರು. ನಾವು ಮೂರು ಜನ ಪೋಷಕರು ಹೋಗಿ ಕೇಳಿದ ಮೇಲೆ ಮುಂದಿನ ವರ್ಷ ಕಡು ನೀಲಿ ಆಯಿತು. ಬಿಳಿ ಬಟ್ಟೆಗೆ ಅಷ್ಟು ಹಟ ಹಿಡಿಯುವ ವಿಂಬಲ್ಡನ್ ಟೆನಿಸ್‌ನವರೇ 2023ರಿಂದ ಹೆಣ್ಣುಮಕ್ಕಳಿಗೆ ಒಳಗೆ ಗಾಢ ಬಣ್ಣದ ಚಡ್ಡಿ ಹಾಕೋಕೆ ಬಿಟ್ಟಿದ್ದಾರೆ, ನಮಗೇನು ಕಷ್ಟ? ಬ್ಯಾಗಿನಲ್ಲಿ ಯಾವಾಗಲೂ ಪ್ಯಾಡು, ಒಂದು ಜೊತೆ ಬಟ್ಟೆ, ಹಳೇ ಪೇಪರ್ ಇರಲಿ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಡಿಸೋಕೆ ಅಮ್ಮನಿಗೆ ದುಡ್ಡು ಕೊಡಿ, ಶೂನಷ್ಟೇ ಮುಖ್ಯ ಅದು. ಸರಿಯಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ "ಆಡೋರಿಗೆ ಹಾಗೇ" ಅಂತ ಬಿಡಬೇಡಿ, ಡಾಕ್ಟರ ಹತ್ತಿರ ಹೋಗಿ. ಎಷ್ಟೋ ಸಲ ಆಡುವಷ್ಟಕ್ಕೆ ತಕ್ಕ ಊಟ ಸಿಗದೆ ಹಾಗಾಗುತ್ತದೆ.

ಊಟ ಅಂದರೆ ಡಬ್ಬದ ಪ್ರೋಟೀನ್ ಪುಡಿ ಅಲ್ಲ. ಮುದ್ದೆ, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು, ಮೊಟ್ಟೆ, ಬಾಳೆಹಣ್ಣು. ತಿನ್ನುವವರಾದರೆ ಮೀನು, ಮಟನ್. ಸೊಪ್ಪು-ಕಾಳಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಎಸೆಯುತ್ತಿದ್ದಾಳಾ ಕೇಳಿ. ನನ್ನವಳು ಕಿಟಕಿಯಿಂದ ಎಸೆಯುತ್ತಿದ್ದಳು. ಸುಸ್ತು, ಬೇಗ ಉಸಿರು ಕಟ್ಟುವುದು ಇದ್ದರೆ ಒಂದು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಅದನ್ನೇ ಸೋಮಾರಿತನ ಅಂತ ಬೈಯುವವರನ್ನು ನೋಡಿದ್ದೇನೆ.

ಮಂಡಿ ಜೋಪಾನ. ಗಕ್ಕನೆ ನಿಂತು ತಿರುಗುವ ಆಟಗಳಲ್ಲಿ ಮಂಡಿಯ ಒಳಗಿನ ಎಸಿಎಲ್ ನಾರು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಅವಳು ಎಗರಿ ಇಳಿಯುವುದನ್ನು ಒಮ್ಮೆ ಎದುರಿನಿಂದ ನೋಡಿ. ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬಂದರೆ ಸರ್‌ಗೆ ಹೇಳಿ. ಫುಟ್‌ಬಾಲಿನವರಿಗೆ ಮಾಡಿದ ಫಿಫಾ 11+ ಅನ್ನೋ ವಾರ್ಮ್-ಅಪ್ ಇದೆ, ಇಪ್ಪತ್ತು ನಿಮಿಷದ್ದು, ಯೂಟ್ಯೂಬಿನಲ್ಲಿ ಸಿಗುತ್ತದೆ. ಅದರಲ್ಲಿನ ಕುಪ್ಪಳಿಸುವ, ಕೂತೇಳುವ ವ್ಯಾಯಾಮಗಳು ನಮ್ಮ ಆಟಕ್ಕೂ ಆಗುತ್ತವೆ. ಸಲಕರಣೆ ಏನೂ ಬೇಡ.

ಅಜ್ಜಿ ವಿಷಯಕ್ಕೆ ಬರೋಣ. ನಮ್ಮಮ್ಮನೂ ಇದೇ ಹೇಳಿದ್ದು, ಜೊತೆಗೆ "ಮಂಡಿ ಮೇಲಿನ ಕಲೆ ನೋಡಿ ಯಾರು ಮಾಡ್ಕೋತಾರೆ" ಅಂತ ಬೇರೆ. ಈಗಲೂ ಒಪ್ಪಿಲ್ಲ. ಬೈಯುತ್ತಲೇ ಮೊಮ್ಮಗಳ ಮಂಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ವಾದ ಮಾಡಿ ಗೆಲ್ಲೋಕೆ ಹೋಗಬೇಡಿ, ಮಗಳ ಎದುರಿಗೆ "ಅವಳು ಆಡ್ತಾಳಮ್ಮ" ಅಂತ ಒಂದು ಸಲ ಗಟ್ಟಿಯಾಗಿ ಹೇಳಿ. ಉದಾಹರಣೆ ಬೇಕೇ ಬೇಕು ಅಂದರೆ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಇದನ್ನು ಅಜ್ಜಿಗೆ ಹೇಳಿ ಸಾಕು. ಮಗಳಿಗೆ ದಿನಾ "ಚೈತ್ರಾ ಥರ ಆಗ್ಬೇಕು" ಅಂತ ಹೇಳಿದರೆ ಅದೂ ಇನ್ನೊಂದು ಭಾರ. ಸ್ಪೋರ್ಟ್ಸ್ ಕೋಟಾ, ಕೆಲಸ ಅಂತ ಈಗಲೇ ಲೆಕ್ಕ ಹಾಕೋದೂ ಹಾಗೇ.

ಇನ್ನೊಂದು, ಕೇಳೋಕೆ ಚಿಕ್ಕದು. ಮಗ ಆಡಿ ಬಂದರೆ ಕಾಲು ಚಾಚಿ ಕೂರುತ್ತಾನೆ. ಮಗಳು ಆಡಿ ಬಂದರೆ ಪಾತ್ರೆ ಕಾಯುತ್ತಿರುತ್ತವೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಈಗ ಪ್ರಾಕ್ಟೀಸ್ ಇರುವ ಸಂಜೆ ಪಾತ್ರೆ ನನ್ನದು.

ಹೊರ ಊರಿಗೆ ಹೋಗುವಾಗ ಜೊತೆಗೆ ಮಹಿಳಾ ಶಿಕ್ಷಕಿ ಯಾರು, ರಾತ್ರಿ ಎಲ್ಲಿ ಮಲಗುತ್ತಾರೆ, ಬಾತ್‌ರೂಮಿಗೆ ಚಿಲಕ ಇದೆಯಾ, ಕೇಳಿ. ಕೇಳಿದರೆ ಸರ್‌ಗೆ ಬೇಜಾರಾಗುತ್ತೆ ಅಂತ ಸಂಕೋಚ ಬೇಡ, ಒಳ್ಳೆ ಸರ್ ಆದರೆ ಅವರೇ ಮೊದಲು ಹೇಳುತ್ತಾರೆ. ಯಾರಾದರೂ ಮುಟ್ಟಿದ್ದು, ಮಾತಾಡಿದ್ದು ಸರಿ ಅನ್ನಿಸದಿದ್ದರೆ ಬಂದು ಹೇಳು, ಆಟ ಬಿಡಿಸಲ್ಲ ಅಂತ ಮಗಳಿಗೆ ಮಾತು ಕೊಡಿ. ಬಿಡಿಸಿಬಿಡ್ತಾರೆ ಅನ್ನೋ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿಬಿಡಲ್ಲ. 1098 ಮಕ್ಕಳ ಸಹಾಯವಾಣಿ ನಂಬರ್ ಅವಳಿಗೂ ಬಾಯಿಪಾಠ ಆಗಿರಲಿ.

ಅವಳು ಮತ್ತೆ ಆಡ್ತೀನಿ ಅಂದರೆ ಮೊದಲು ಶೂ ನೋಡಿ. ಈ ವಯಸ್ಸಿನಲ್ಲಿ ಆರು ತಿಂಗಳಿಗೇ ಕಾಲು ಬೆಳೆದಿರುತ್ತದೆ, ಮಕ್ಕಳು ಹೇಳಲ್ಲ. ಸಂಜೆ ಹೊತ್ತು ಕರೆದುಕೊಂಡು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಜನನ ಪ್ರಮಾಣಪತ್ರದ ಜೆರಾಕ್ಸ್ ನಾಲ್ಕು ತೆಗೆಸಿ ಕವರಿನಲ್ಲಿ ಹಾಕಿಡಿ, ಪಂದ್ಯದ ದಿನ ಬೆಳಗ್ಗೆ ಜೆರಾಕ್ಸ್ ಅಂಗಡಿ ತೆಗೆದಿರಲ್ಲ. ಹದಿನೈದು ದಿನ ಆದ ಮೇಲೆ ಏನಂದಳು ಅಂತ ಇಲ್ಲೇ ಬರೆಯಿರಿ, ಅಣ್ಣ.